ಮಳೆಕಾಡಿಗೆ ಪುಟ್ಟ ಆರ್‌ವಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ನ್ಯಾಷನಲ್ ಪಾರ್ಕ್‌ನಲ್ಲಿ ಹೋ, ಕ್ವಿನಾಲ್ಟ್, ಕ್ವೀಟ್ಸ್ ಅಂತ ಮೂರು ನದಿ ಕಣಿವೆಗಳಿವೆ. ಮೂರೂ ಮಳೆಕಾಡೇ, ಆದರೆ ಸೆಕೆಯ ಮಳೆಕಾಡಲ್ಲ, ಥಂಡಿ ಮಳೆಕಾಡು. ಅಲ್ಲಿಗೆ ಸಣ್ಣ ಆರ್‌ವಿ (ಮಲಗಲು, ಅಡುಗೆ ಮಾಡಲು ಒಳಗೇ ಜಾಗವಿರುವ ಗಾಡಿ) ಅಥವಾ ಕ್ಯಾಂಪರ್ ವ್ಯಾನ್ ತಗೊಂಡು ಹೋಗುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಜಾಸ್ತಿ ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆಯ ಕನ್ನಡಿಗರವು. ಊರಿಂದಲೂ ಕೆಲವು ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ನಾಲ್ಕು ಜನ. ಬಾಡಿಗೆಗೆ 19 ಅಡಿಯ ಕ್ಯಾಂಪರ್ ವ್ಯಾನ್ ನೋಡಿದ್ದೇವೆ, ಹೆಚ್ಚುಕಮ್ಮಿ ಅದೇ ದುಡ್ಡಿಗೆ 25 ಅಡಿಯ ಆರ್‌ವಿಯೂ ಸಿಗುತ್ತಿದೆ. ದೊಡ್ಡದೇ ವಾಸಿ ಅಲ್ವಾ? ಮತ್ತೆ ಯಾವ ತಿಂಗಳು ಹೋಗೋದು? (ರೆಡ್‌ಮಂಡ್‌ನಿಂದ ಓದುಗರೊಬ್ಬರು)

ಅಲ್ಲ. 19 ಅಡಿಯದೇ ತಗೊಳ್ಳಿ, ಎರಡನೇ ಮಾತೇ ಬೇಡ. ಹೋ ಕ್ಯಾಂಪ್‌ಗ್ರೌಂಡ್‌ನಲ್ಲಿ 72 ಜಾಗಗಳಿವೆ. ಅಲ್ಲಿ ಆರ್‌ವಿ ಉದ್ದಕ್ಕೆ ಮಿತಿ 21 ಅಡಿ. ಸಮುದ್ರದ ಕಡೆಯ ಕಲೇಲಾಕ್, ಮೋರಾ ಕ್ಯಾಂಪ್‌ಗ್ರೌಂಡ್‌ಗಳಲ್ಲೂ ಬಹುಪಾಲು ಜಾಗಗಳು ಅಷ್ಟಕ್ಕೇ ಆಗುವುದು, ಉದ್ದದ ಗಾಡಿ ಹಿಡಿಸುವ ಜಾಗ ಬೆರಳೆಣಿಕೆಯಷ್ಟು. ಕ್ವೀಟ್ಸ್ ಮತ್ತು ಗ್ರೇವ್ಸ್ ಕ್ರೀಕ್ ಕ್ಯಾಂಪ್‌ಗ್ರೌಂಡ್‌ಗಳಿಗೆ ಆರ್‌ವಿ ಬೇಡವೇ ಬೇಡ ಅಂತ ಪಾರ್ಕ್‌ನವರೇ ಹೇಳುತ್ತಾರೆ. ಉದ್ದ ಅಳೆಯುವಾಗ ಹಿಂದೆ ನೇತಾಡುವ ಸೈಕಲ್ ಸ್ಟ್ಯಾಂಡನ್ನೂ ಸೇರಿಸಿ. ಬಾಡಿಗೆ ಕಂಪನಿಯವರು ಹೇಳುವ ಅಡಿಗೂ ನೀವು ಟೇಪ್ ಹಿಡಿದು ಅಳೆದ ಅಡಿಗೂ ವ್ಯತ್ಯಾಸ ಬರುವುದು ಮಾಮೂಲು.

ಸಿಯಾಟಲ್‌ನಿಂದ ಫೆರಿ ಹಿಡಿಯುವುದಾದರೆ ಅಲ್ಲೂ ಉದ್ದದ್ದೇ ಲೆಕ್ಕ. 22 ಅಡಿಗಿಂತ ಕಡಿಮೆಯಿದ್ದರೆ ಕಾರಿನ ದರ, ಅದಕ್ಕೆ ಮೇಲಾದರೆ ದರವೂ ಮೇಲೆ. ಟ್ರೇಲರ್ ಎಳೆದರೆ ಎರಡನ್ನೂ ಸೇರಿಸಿ ಅಳೆಯುತ್ತಾರೆ. ಹಡಗು ಹತ್ತುವ ಮೊದಲು ಪ್ರೊಪೇನ್ ಸಿಲಿಂಡರಿನ ವಾಲ್ವ್ ಬಂದ್ ಮಾಡಲೇಬೇಕು. ಫ್ರಿಜ್ ಗ್ಯಾಸ್‌ನಲ್ಲಿ ಓಡುತ್ತಿದ್ದರೆ ಅದೂ ನಿಲ್ಲುತ್ತದೆ. ಇಳಿದ ಮೇಲೆ ಮತ್ತೆ ಹಚ್ಚಲು ಮರೆಯಬೇಡಿ, ಹಾಲು ಮೊಸರು ಕೆಟ್ಟೀತು.

ತಿಂಗಳು? ಜುಲೈ ಆಗಸ್ಟ್‌ನಲ್ಲಿ ಮಳೆ ಕಮ್ಮಿ, ಜನ ವಿಪರೀತ. ಬೆಳಗ್ಗೆ ತಡ ಮಾಡಿದರೆ ಹೋ ಗೇಟಿನಲ್ಲಿ ಗಾಡಿಗಳ ಸಾಲು, ಒಂದು ಹೊರಗೆ ಬಂದರೆ ಒಂದು ಒಳಗೆ. ಬೇಸಿಗೆಯ ಜಾಗವನ್ನು ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆ ಮುಗಿದ ಮೇಲಿನ ಎರಡು ಮೂರು ವಾರ ಒಳ್ಳೆಯದು. ಶಾಲೆ ಶುರುವಾಗಿರುತ್ತದೆ, ಜನ ಇಳಿದಿರುತ್ತಾರೆ, ದೊಡ್ಡ ಮಳೆ ಇನ್ನೂ ಹಿಡಿದಿರುವುದಿಲ್ಲ. ನವೆಂಬರ್‌ನಿಂದ ಮುಂದಕ್ಕೆ ಹೋಗುವವರು ರಸ್ತೆಯ ಸ್ಥಿತಿ ನೋಡಿಕೊಂಡೇ ಹೊರಡಿ. 101ನೇ ಹೆದ್ದಾರಿಯಿಂದ ಹೋ ಕಾಡಿನ ಒಳಗೆ ಹೋಗುವುದು ಒಂದೇ ರಸ್ತೆ, ಸುಮಾರು 18 ಮೈಲಿ, ನದಿಯ ಪಕ್ಕದಲ್ಲೇ. 2024ರ ಡಿಸೆಂಬರ್‌ನಲ್ಲಿ ಹೋ ನದಿ ಆ ರಸ್ತೆಯನ್ನೇ ಕೊರೆದುಕೊಂಡು ಹೋಯಿತು, ಮತ್ತೆ ತೆರೆದದ್ದು 2025ರ ಮೇ ತಿಂಗಳಲ್ಲಿ.

ಪ್ರಶ್ನೆ: ನಮ್ಮದು ಸ್ವಂತ ವ್ಯಾನ್. ಮಳೆಯ ಒಂದು ಹನಿಯೂ ಒಳಗೆ ಬರುವುದಿಲ್ಲ, ಚೆಕ್ ಮಾಡಿಸಿದ್ದೇನೆ. ಆದರೂ ಬೆಳಗಾದರೆ ಕಿಟಕಿಯಿಂದ ನೀರು ಇಳಿಯುತ್ತದೆ, ಹಾಸಿಗೆ ಕೆಳಗೆ ಒದ್ದೆ, ಈಗ ಮುಗ್ಗಲು ವಾಸನೆ ಬೇರೆ. ಎಲ್ಲಿಂದ ಬರುತ್ತಿದೆ ಈ ನೀರು? (ಬೀವರ್ಟನ್, ಆರೆಗನ್)

ನಿಮ್ಮಿಂದಲೇ. ಸುಮ್ನೆ ಹೇಳ್ತಿಲ್ಲ. ಒಬ್ಬರು ರಾತ್ರಿ ಮಲಗಿ ಏಳುವಷ್ಟರಲ್ಲಿ ಉಸಿರು ಬೆವರಿನಲ್ಲಿ ಸುಮಾರು ಕಾಲು ಲೀಟರ್ ನೀರು ಗಾಳಿಗೆ ಸೇರುತ್ತದೆ. ಇಬ್ಬರೆಂದರೆ ಅರ್ಧ ಲೀಟರ್. ಮನೆಯಲ್ಲಾದರೆ ಅದು ಗೊತ್ತೇ ಆಗುವುದಿಲ್ಲ, ವ್ಯಾನ್‌ನೊಳಗೆ ಅದಕ್ಕೆ ಹೋಗಲು ಜಾಗವೇ ಇಲ್ಲ. ತಣ್ಣಗಿರುವ ಗಾಜು, ತಗಡು ಎಲ್ಲಿ ಸಿಕ್ಕಿತೋ ಅಲ್ಲಿ ಹನಿಯಾಗಿ ಕೂರುತ್ತದೆ. ಮಳೆಕಾಡಿಗೆ ಹೋಗುವವರೆಲ್ಲ ಹೊರಗಿನ ಮಳೆಗೆ ಹೆದರಿ ರೇನ್‌ಕೋಟು, ಬೂಟು, ಛತ್ರಿ ಅಂತ ರಾಶಿ ಹಾಕುತ್ತಾರೆ. ಅಲ್ಲಿ ಕಾಟ ಕೊಡುವುದು ಒಳಗಿನ ಪಸೆ.

ಈಗ ಒಂದು ಕೇಳ್ತೀನಿ: ರಾತ್ರಿ ಬೆಚ್ಚಗಿರಲಿ ಅಂತ ಸಣ್ಣ ಪ್ರೊಪೇನ್ ಹೀಟರ್ ಹಚ್ಚಿಡುತ್ತೀರಾ, ಹೊರಗೆ ಕೊಳವೆ ಇಲ್ಲದ, ಮುಂದೆ ಕೆಂಪಗೆ ಉರಿಯುವ ಜಾತಿಯದು? ಹಾಗಿದ್ದರೆ ಕಾರಣ ಅಲ್ಲೇ ಇದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಲೀಟರ್ ನೀರು ಹುಟ್ಟುತ್ತದೆ. ಪ್ರೊಪೇನ್‌ನ ಹೈಡ್ರೋಜನ್ ಗಾಳಿಯ ಆಮ್ಲಜನಕಕ್ಕೆ ಸೇರಿ ಆವಿಯಾಗುವುದು, ಅಷ್ಟೇ ಅದರ ಗುಟ್ಟು. ಬೆಚ್ಚಗೂ ಆಗುತ್ತದೆ, ಒದ್ದೆಯೂ ಆಗುತ್ತದೆ. ಅದಕ್ಕಿಂತ ದೊಡ್ಡ ಮಾತು, ಅದನ್ನು ಹಚ್ಚಿಟ್ಟು ಮಲಗುವುದು ಜೀವಕ್ಕೇ ಅಪಾಯ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಈ ಅನಿಲ ಕಂಡರೆ ಕೂಗುವ ಅಲಾರಂ ಇಲ್ಲದ ಗಾಡಿಯಲ್ಲಿ ಮಲಗಲೇಬೇಡಿ. ಹೊಗೆಯನ್ನೂ ಆವಿಯನ್ನೂ ಕೊಳವೆಯಲ್ಲಿ ಹೊರಗೆ ಬಿಡುವ ಫರ್ನೇಸ್ ಅಥವಾ ಡೀಸೆಲ್ ಹೀಟರ್ ಹಾಕಿಸಿದರೆ ಕತೆಯೇ ಬೇರೆ, ಅದು ಒಳಗೆ ಒಣ ಶಾಖ ಕೊಡುತ್ತದೆ.

ಎರಡನೆಯದು ಅಡುಗೆ. ಇಲ್ಲಿ ನಮ್ಮವರದ್ದೇ ಸ್ವಲ್ಪ ವಿಶೇಷ ಸಮಸ್ಯೆ. ಕುಕ್ಕರ್ ಮೂರು ವಿಷಲ್ ಹೊಡೆಯುವ ಹೊತ್ತಿಗೆ ಮುಂದಿನ ಗಾಜು ಪೂರ್ತಿ ಮಂಜಾಗಿರುತ್ತದೆ. ಆಮೇಲೆ ಪಕ್ಕದ ಒಲೆಯಲ್ಲಿ ಸಾರು ಕುದಿಯುತ್ತಿರುತ್ತದೆ. ಇಡ್ಲಿ ಪಾತ್ರೆಯಂತೂ ಕೇಳಲೇಬೇಡಿ. ಕುದಿಸುವುದು, ಹಬೆಯಲ್ಲಿ ಬೇಯಿಸುವುದು ಎಲ್ಲ ಹೊರಗೆ, ಟಾರ್ಪಾಲಿನ ಕೆಳಗಿನ ಮೇಜಿನ ಮೇಲೆ ಆಗಲಿ. ಒಳಗೆ ಮಾಡಲೇಬೇಕಾದರೆ ಮುಚ್ಚಳ ಮುಚ್ಚಿ, ಮೇಲಿನ ಫ್ಯಾನ್ ಹಾಕಿ, ಎದುರು ಬದಿಯ ಕಿಟಕಿ ಎರಡು ಬೆರಳು ತೆರೆದಿಡಿ. ಫ್ಯಾನ್ ಒಂದೇ ಸಾಲದು, ಒಳಗೆ ಬರುವ ಗಾಳಿಗೂ ದಾರಿ ಬೇಕು. ಮಲಗುವಾಗಲೂ ಹಾಗೇ. ಚಳಿಗೆ ಎಲ್ಲ ಕಿಟಕಿ ಬಿಗಿಯಾಗಿ ಮುಚ್ಚಿ ಮಲಗುವ ಅಭ್ಯಾಸ ಬಿಡಿ, ಇನ್ನೊಂದು ಕಂಬಳಿ ಹೊದೆಯಿರಿ.

ಹಾಸಿಗೆ ಕೆಳಗೆ ಒದ್ದೆ ಅಂದಿರಲ್ಲ, ಅದಕ್ಕೆ ಕಾರಣ ಹಾಸಿಗೆ ಹಲಗೆಗೆ ಅಂಟಿಕೊಂಡಿರುವುದು. ಮೇಲೆ ಮೈಶಾಖ, ಕೆಳಗೆ ತಣ್ಣನೆ ಪ್ಲೈವುಡ್, ನಡುವೆ ಗಾಳಿಯಿಲ್ಲ. ಮರದ ಪಟ್ಟಿಗಳ ಮೇಲೆ ಹಾಸಿಗೆ ಹಾಕಿ ಅಥವಾ ಅದಕ್ಕೆಂದೇ ಸಿಗುವ ಜಾಲರಿಯಂಥ ಮ್ಯಾಟ್ ಹಾಸಿ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಗಾಜನ್ನು ಒಣಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಹೊರಗೆ ಹಿಂಡಿ. ಹಿಂಡಿದಾಗ ಎಷ್ಟು ನೀರು ಬಿತ್ತು ನೋಡಿ, ಅಷ್ಟೂ ಹಾಸಿಗೆಗೆ ಹೋಗಬೇಕಾದ ನೀರು. ಬೂಷ್ಟು ಈಗಾಗಲೇ ಹಿಡಿದ ಫೋಮ್ ಉಳಿಸಿಕೊಳ್ಳುವ ಆಸೆ ಬಿಡಿ. ಬಿಸಿಲಿಗೆ ಹಾಕಿದರೆ ವಾಸನೆ ಹೋದಂತೆ ಅನ್ನಿಸುತ್ತದೆ, ಮುಂದಿನ ಮಳೆಗೆ ಮತ್ತೆ ಬರುತ್ತದೆ.

ಇನ್ನೊಂದು ಉಪಾಯ, ಇದು ನನ್ನ ಮೆಚ್ಚಿನದು. ವಾಪಸ್ ಬರುವಾಗ ಉತ್ತರದ ದಾರಿ ಹಿಡಿದು ಸೆಕ್ವಿಮ್ ಊರಿನಲ್ಲಿ ಒಂದು ಮಧ್ಯಾಹ್ನ ನಿಲ್ಲಿಸಿ. ಹೋ ಕಣಿವೆಗೆ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮೇಲೆ ಮಳೆ ಬಿದ್ದರೆ, ಒಲಿಂಪಿಕ್ ಬೆಟ್ಟಗಳ ಆಚೆ ಮಗ್ಗುಲಲ್ಲಿರುವ ಸೆಕ್ವಿಮ್‌ಗೆ ಬೀಳುವುದು 400ರ ಆಸುಪಾಸು. ಆಗುಂಬೆಗೂ ಹಿರಿಯೂರಿಗೂ ಇರುವ ಹಾಗೆ, ಬೆಟ್ಟದ ಮಳೆ ನೆರಳಿನ ಆಟ. ಅಲ್ಲಿ ಎಲ್ಲ ಬಾಗಿಲು ತೆರೆದು, ಹಾಸಿಗೆ ಕಂಬಳಿ ಹೊರಗೆ ಹಾಕಿ, ಒಣಗಿಸಿಕೊಂಡೇ ಮನೆಗೆ ಹೋಗಿ. ಒದ್ದೆ ಗಾಡಿಯನ್ನು ಹಾಗೇ ಬೀಗ ಹಾಕಿ ಮುಂದಿನ ತಿಂಗಳು ತೆರೆಯುವವರೇ ಆಮೇಲೆ ಈ ಥರದ ಪತ್ರ ಬರೆಯುವುದು.

ಪ್ರಶ್ನೆ: ಹಳೆಯ 16 ಅಡಿಯ ಟ್ರೇಲರ್ ಒಂದು ಕಮ್ಮಿ ರೇಟಿಗೆ ಬಂದಿದೆ. ಏನು ನೋಡಿ ತಗೊಳ್ಳಬೇಕು? (ಟಕೋಮಾ)

ಹೊಳೆಯುವ ಸಿಂಕು, ಹೊಸ ಪರದೆ ನೋಡಬೇಡಿ. ಮೂಲೆ ನೋಡಿ. ಒಳಗಿನ ನಾಲ್ಕೂ ಮೂಲೆ, ಕಿಟಕಿಯ ಕೆಳಭಾಗ, ಮಾಡಿನ ಫ್ಯಾನ್ ಸುತ್ತ ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಗಟ್ಟಿಯಾಗಿದ್ದರೆ ಸರಿ. ಎಲ್ಲಾದರೂ ಮೆತ್ತಗೆ ಒಳಗೆ ಹೋಯಿತೋ, ಒಳಗಿನ ಮರ ಕೊಳೆತಿದೆ ಅಂತಲೇ ಲೆಕ್ಕ. ಗೋಡೆಯ ಕಾಗದದಂಥ ಹೊದಿಕೆ ಅಲೆಯಲೆಯಾಗಿ ಎದ್ದಿದ್ದರೂ ಅದೇ ಅರ್ಥ. ಆಮೇಲೆ ಕಪಾಟಿನ ಬಾಗಿಲು ತೆರೆದು ಮೂಗು ಹಾಕಿ. ಮಾರುವವರು ಸುಗಂಧದ ಡಬ್ಬಿ ಇಟ್ಟಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ.

ಏಣಿ ಕೇಳಿ ಮಾಡಿನ ಮೇಲೂ ನೋಡಿ. ಫ್ಯಾನ್, ಕೊಳವೆ, ಅಂಚಿನ ಪಟ್ಟಿಗಳ ಸುತ್ತ ನೀರು ತಡೆಯಲು ಹಾಕಿರುವ ಅಂಟು, ಅಂದರೆ ಸೀಲಂಟ್, ಬಿರುಕು ಬಿಟ್ಟಿದೆಯಾ ಅನ್ನುವುದೇ ಮುಖ್ಯ. ಅದು ಶಾಶ್ವತ ಅಲ್ಲ, ವರ್ಷಕ್ಕೊಮ್ಮೆ ನೋಡಿ ಬೇಕಾದಲ್ಲಿ ಹೊಸದು ಹಾಕಬೇಕು. ನೀರು ಸಾಮಾನ್ಯವಾಗಿ ಮಾಡಿನ ನಡುವಿನಿಂದ ಬರುವುದಿಲ್ಲ. ಎಲ್ಲೆಲ್ಲಿ ತೂತು ಕೊರೆದು ಏನಾದರೂ ಕೂರಿಸಿದ್ದಾರೋ ಅಲ್ಲಿಂದ ಬರುತ್ತದೆ, ಮೂಲೆಯ ಸಣ್ಣ ಕೆಂಪು ದೀಪದ ಸ್ಕ್ರೂ ಸಂದಿಯೂ ಸಾಕು. ದುಡ್ಡು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ ಅನ್ನುವವರಿಗೆ ಫೈಬರ್‌ಗ್ಲಾಸ್ ಚಿಪ್ಪಿನ ಟ್ರೇಲರ್‌ಗಳಿವೆ, ಸ್ಕ್ಯಾಂಪ್, ಕ್ಯಾಸಿಟಾ ಥರದವು. ಮೇಲೊಂದು ಕೆಳಗೊಂದು ಚಿಪ್ಪು ಕೂಡಿಸಿ ಮಾಡಿದ್ದು, ಹಾಗಾಗಿ ಸಂದಿಗಳೇ ಕಮ್ಮಿ. ಮಳೆಸೀಮೆಯಲ್ಲಿ ಹಳೆಯವಕ್ಕೂ ಬೆಲೆ ಇಳಿಯದಿರುವುದು ಸುಮ್ಮನೆ ಅಲ್ಲ.

ಪ್ರಶ್ನೆ: ಮಾಡಿನ ಮೇಲೆ 200 ವ್ಯಾಟ್ ಸೋಲಾರ್ ಇದೆ. ಮೂರು ದಿನಕ್ಕೆ ಸಾಕಾಗುತ್ತಾ? (ಬಾಥೆಲ್)

ಮರುಭೂಮಿಯಲ್ಲಾದರೆ ಸಾಕಾಗಿ ಮಿಗುತ್ತಿತ್ತು. ಹೋ ಕಾಡಿನೊಳಗೆ ಅದನ್ನು ಮರೆತುಬಿಡಿ. ಸಿಟ್ಕಾ ಸ್ಪ್ರೂಸ್, ಹೆಮ್‌ಲಾಕ್ ಮರಗಳು 200 ಅಡಿ ದಾಟಿ ನಿಂತಿರುತ್ತವೆ, ಅದರ ಮೇಲೆ ಮೋಡ. ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟಿನ ಪ್ಲಗ್ ಇಲ್ಲ. ನೀರು, ಫ್ಲಶ್ ಟಾಯ್ಲೆಟ್ ಇವೆ, ಸ್ನಾನಕ್ಕೆ ವ್ಯವಸ್ಥೆ ಇಲ್ಲ.

ಕರೆಂಟನ್ನು ಜಾಸ್ತಿ ತಿನ್ನುವುದು ಲೈಟಲ್ಲ, ಫರ್ನೇಸಿನ ಫ್ಯಾನು. ಗ್ಯಾಸ್‌ನಲ್ಲಿ ಉರಿಯುತ್ತದೆ ನಿಜ, ಬಿಸಿಗಾಳಿ ತಳ್ಳಲು ಬ್ಯಾಟರಿ ಬೇಕಲ್ಲ. 6 ಆಂಪ್ ಎಳೆಯುವ ಫ್ಯಾನು ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿತು ಅಂದುಕೊಳ್ಳಿ, 30 ಆಂಪ್-ಅವರ್ (ಆಂಪ್ ಗುಣಿಸು ಗಂಟೆ, ಬ್ಯಾಟರಿಯ ಅಳತೆ) ಹೋಯಿತು. 100 ಆಂಪ್-ಅವರ್‌ನ ಹಳೆ ಥರದ ಲೆಡ್ ಬ್ಯಾಟರಿಯಲ್ಲಿ ಬ್ಯಾಟರಿ ಹಾಳಾಗದ ಹಾಗೆ ಬಳಸಬಹುದಾದದ್ದು ಅರ್ಧ ಮಾತ್ರ. ಎರಡನೇ ರಾತ್ರಿ ಬೆಳಗಿನ ಜಾವ ಚಳಿಗೆ ಎಚ್ಚರವಾಗುತ್ತದೆ. ಲಿಥಿಯಂ ಬ್ಯಾಟರಿ ಇದ್ದರೆ ಒಳ್ಳೆಯದು, ಓಡಿಸುವಾಗ ಎಂಜಿನ್‌ನಿಂದ ಚಾರ್ಜ್ ಮಾಡುವ ಡಿಸಿ-ಡಿಸಿ ಚಾರ್ಜರ್ ಇದ್ದರೆ ಇನ್ನೂ ಒಳ್ಳೆಯದು. ಒಂದು ದಿನ ಕಾಡು, ಮರುದಿನ ರಿಯಾಲ್ಟೊ ಬೀಚು ಅಂತ ಓಡಾಡಿದರೆ ತಾನಾಗಿ ತುಂಬಿಕೊಳ್ಳುತ್ತದೆ. ಪ್ಲಗ್ ಬೇಕೇ ಬೇಕು ಅನ್ನುವವರಿಗೆ ಪಾರ್ಕ್ ಒಳಗೆ ಸೋಲ್ ಡಕ್‌ನ ಆರ್‌ವಿ ಜಾಗ, ಕ್ರೆಸೆಂಟ್ ಕೆರೆಯ ದಡದ ಲಾಗ್ ಕ್ಯಾಬಿನ್ ರೆಸಾರ್ಟ್ ಇವೆ, ಎರಡೂ ಸೀಸನ್‌ನಲ್ಲಿ ಮಾತ್ರ.

ಜನರೇಟರ್? ಗೊತ್ತುಮಾಡಿದ ಹೊತ್ತಿನಲ್ಲಿ ಹಾಕಬಹುದು, ನಿಯಮ ಹಾಗೆ. ಆದರೆ ಇದು ಎಂಥ ಕಾಡು ಅಂದರೆ, ಗಾರ್ಡನ್ ಹೆಂಪ್ಟನ್ ಅನ್ನುವ ಧ್ವನಿ ತಜ್ಞರು 2005ರಲ್ಲಿ ಇಲ್ಲಿನ ಹಾದಿಯಿಂದ ಸ್ವಲ್ಪ ಒಳಗೆ, ಪಾಚಿ ಹಿಡಿದ ಮರದ ದಿಮ್ಮಿಯ ಮೇಲೆ ಒಂದು ಸಣ್ಣ ಕೆಂಪು ಕಲ್ಲಿಟ್ಟು, ಈ ಒಂದು ಚದರ ಅಂಗುಲದಲ್ಲಿ ಮನುಷ್ಯರ ಸದ್ದು ಬೇಡ ಅಂತ ಅಭಿಯಾನವನ್ನೇ ಶುರುಮಾಡಿದರು. ಅಂಥ ಕಡೆ ಜನರೇಟರ್ ಗುರ್ರ್ ಅನ್ನಿಸುವವರ ಪಕ್ಕ ಜಾಗ ಸಿಗದಿರಲಿ ಅಂತ ನಾನೇ ಬೇಡಿಕೊಳ್ಳುತ್ತೇನೆ.

ಪ್ರಶ್ನೆ: ಮಗಳು ಅಳಿಯ ನಮ್ಮನ್ನು ವ್ಯಾನ್‌ನಲ್ಲಿ ಕಾಡಿಗೆ ಕರೆದುಕೊಂಡು ಹೋಗ್ತಾರಂತೆ. ನನಗೆ ಮಂಡಿ ನೋವು, ಇವರಿಗೆ ಊಟ ಹೊತ್ತಿಗೆ ಸರಿಯಾಗಿ ಬೇಕು. ಒಗ್ಗರಣೆ ವಾಸನೆಗೆ ಕರಡಿ ಬರುತ್ತೆ ಅಂತ ಅಳಿಯ ಹೆದರಿಸ್ತಾರೆ. ನಿಜವೇ? (ಮೈಸೂರಿನಿಂದ ಒಬ್ಬ ತಾಯಿ)

ಅಳಿಯಂದಿರು ಹೇಳುವುದರಲ್ಲಿ ಅರ್ಧ ನಿಜ ಅಮ್ಮಾ. ಅಲ್ಲಿ ಕಪ್ಪು ಕರಡಿಗಳಿವೆ, ಮೂಗು ಬಹಳ ಚುರುಕು. ಆದರೆ ಒಗ್ಗರಣೆ ಹಾಕಿದ ಕೂಡಲೇ ಬಂದು ನಿಲ್ಲುವುದಿಲ್ಲ. ತೊಂದರೆ ಆಗುವುದು ಊಟ ಆದ ಮೇಲೆ ಪಾತ್ರೆ, ತಟ್ಟೆ, ಕಸ ಹೊರಗೆ ಬಿಟ್ಟರೆ. ಎಣ್ಣೆ ಡಬ್ಬಿ, ಬಿಸ್ಕತ್ತು, ಟೂತ್‌ಪೇಸ್ಟು ಕೂಡ ಗಾಡಿಯೊಳಗೇ ಇಟ್ಟು ಬಾಗಿಲು ಹಾಕಬೇಕು. ಕರಡಿಗಿಂತ ಮೊದಲು ರಕೂನ್ ಅನ್ನುವ ಪ್ರಾಣಿ ಬರುತ್ತದೆ, ಕೈಯಿಂದ ಡಬ್ಬಿ ತೆಗೆಯುವುದರಲ್ಲಿ ಪಳಗಿದ್ದು. ಪಾತ್ರೆ ತೊಳೆದ ನೀರನ್ನೂ ಮರದ ಬುಡಕ್ಕೆ ಚೆಲ್ಲುವಂತಿಲ್ಲ. ಗಾಡಿಯ ಟ್ಯಾಂಕಿಗೆ ಬಿಡಬೇಕು, ಇಲ್ಲವೇ ಬಕೆಟ್‌ನಲ್ಲಿ ಹಿಡಿದು ಕ್ಯಾಂಪ್‌ನವರು ತೋರಿಸಿದ ಕಡೆ ಹಾಕಬೇಕು.

ಒಗ್ಗರಣೆಯನ್ನು ಹೊರಗೆ ಹಾಕಿ ಅಂತ ನಾನು ಹೇಳುವುದು ಕರಡಿಗೆ ಹೆದರಿ ಅಲ್ಲ. ಒಳಗೆ ಹಾಕಿದರೆ ಇಂಗು ಸಾಸಿವೆ ಘಾಟು ಪರದೆ, ದಿಂಬಿಗೆ ಹಿಡಿದು ಟ್ರಿಪ್ ಮುಗಿಯುವವರೆಗೂ ಹೋಗುವುದಿಲ್ಲ. ದೋಸೆ ಹಿಟ್ಟು ಅಲ್ಲೇ ಕಲಸಿ ಹುದುಗಿಸೋಣ ಅಂದುಕೊಳ್ಳಬೇಡಿ, ಆ ಥಂಡಿಗೆ ಉಬ್ಬುವುದೇ ಇಲ್ಲ. ಮನೆಯಲ್ಲೇ ಹುದುಗಿಸಿ ಫ್ರಿಜ್‌ನಲ್ಲಿಟ್ಟು ತಗೊಂಡು ಹೋಗಿ. ಅದಕ್ಕಿಂತ ಸುಲಭ ಅಂದರೆ ಗೊಜ್ಜವಲಕ್ಕಿ, ಪುಳಿಯೋಗರೆ ಗೊಜ್ಜು, ಮೊದಲೇ ಹುರಿದಿಟ್ಟ ಉಪ್ಪಿಟ್ಟಿನ ರವೆ, ಚಪಾತಿ. ಅನ್ನ ಒಂದು ಹೊರಗಿನ ಒಲೆಯಲ್ಲಿ ಮಾಡಿಕೊಂಡರೆ ಯಜಮಾನರ ಊಟಕ್ಕೆ ತೊಂದರೆ ಇಲ್ಲ. ಉದ್ದ ಡಬ್ಬಿಯ ಬ್ಯೂಟೇನ್ ಗ್ಯಾಸ್ ಹಾಕುವ ಚಪ್ಪಟೆ ಒಲೆ ಇದ್ದರೆ ಮಗಳಿಗೆ ಹೇಳಿ: ಚಳಿ ಜಾಸ್ತಿಯಾದಂತೆ ಅದರ ಉರಿ ಸೋಲುತ್ತದೆ. ಪ್ರೊಪೇನ್ ಒಲೆಗೆ ಆ ಕಾಯಿಲೆ ಇಲ್ಲ.

ಮಂಡಿ ನೋವಿಗೆ: ಹಾಲ್ ಆಫ್ ಮಾಸಸ್ ಅನ್ನುವ ಸುತ್ತು ಮುಕ್ಕಾಲು ಮೈಲಿಗೆ ಸ್ವಲ್ಪ ಜಾಸ್ತಿ, ಒಂದು ಚಿಕ್ಕ ಏರು ಬಿಟ್ಟರೆ ಸಮ. ಕೋಲು ಹಿಡಿದು ನಿಧಾನ ನಡೆದರೆ ಆರಾಮ. ಅದಕ್ಕಿಂತ ವ್ಯಾನ್‌ನ ಮೇಲಿನ ಹಾಸಿಗೆಗೆ ಏಣಿ ಹತ್ತುವುದೇ ಕಷ್ಟ. ಕೆಳಗಿನ ಹಾಸಿಗೆ ನಿಮಗೇ ಅಂತ ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ನಮ್ಮ ಆಗುಂಬೆಯಲ್ಲಿ ಇದಕ್ಕಿಂತ ಜಾಸ್ತಿ ಮಳೆ ಬೀಳುತ್ತದೆ. ಹಾಗಿದ್ದೂ ಹೋ ಕಾಡಿನ ಫೋಟೋಗಳಲ್ಲಿ ಕಾಣುವಷ್ಟು ಪಾಚಿ ಇಲ್ಲಿ ಯಾಕಿಲ್ಲ? (ಶಿವಮೊಗ್ಗ, ವಿದ್ಯಾರ್ಥಿ)

ಒಳ್ಳೆಯ ಪ್ರಶ್ನೆ. ಆಗುಂಬೆಯ ಮಳೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ಹೋ ಕಣಿವೆಯದ್ದು ಹೆಚ್ಚೆಂದರೆ 4,300. ಆದರೆ ನಮ್ಮದು ನಾಲ್ಕು ತಿಂಗಳಲ್ಲಿ ಧೋ ಎಂದು ಸುರಿದು ಮುಗಿಯುತ್ತದೆ. ಮಾರ್ಚ್ ಏಪ್ರಿಲ್ ಹೊತ್ತಿಗೆ ಕಲ್ಲಿನ ಮೇಲಿನ ಪಾಚಿ ಒಣಗಿ ಕಂದು ಪುಡಿಯಾಗಿರುತ್ತದೆ. ಅಲ್ಲಿ ಚಳಿಗಾಲವಿಡೀ ಜಿಟಿಜಿಟಿ ಮಳೆ, ಬೇಸಿಗೆಯಲ್ಲಿ ಸಮುದ್ರದಿಂದ ಬರುವ ಮಂಜು. ಬೇಸಿಗೆಯಲ್ಲೂ ಬಿಸಿ 26 ಡಿಗ್ರಿ ದಾಟುವುದು ಅಪರೂಪ, ಚಳಿಯಲ್ಲಿ ನೀರು ಹೆಪ್ಪುಗಟ್ಟುವಷ್ಟು ಇಳಿಯುವುದೂ ಅಪರೂಪ. ಪಾಚಿಗೆ ಬೇಕಾದ್ದು ಇದೇ, ಒಟ್ಟು ಎಷ್ಟು ನೀರು ಅನ್ನುವುದಲ್ಲ, ಒಣಗದೇ ಇರುವುದು.

ಅಲ್ಲಿನ ಬಿಗ್‌ಲೀಫ್ ಮೇಪಲ್ ಮರಗಳ ಕೊಂಬೆಗೆ ಇಡೀ ಪಾಚಿಯ ಹೊದಿಕೆ ಇರುತ್ತದೆ, ಅದರೊಳಗೆ ಜರೀಗಿಡ, ಅದರ ಕೆಳಗೆ ಮಣ್ಣು. ಹೌದು, ನೆಲದಿಂದ ಅಷ್ಟೆತ್ತರದಲ್ಲಿ ಮಣ್ಣು. ಭಾರತೀಯ ಮೂಲದ ವಿಜ್ಞಾನಿ ನಳಿನಿ ನಾಡಕರ್ಣಿ ಹಗ್ಗ ಕಟ್ಟಿಕೊಂಡು ಈ ಮರಗಳನ್ನು ಹತ್ತಿ ಆ ಹೊದಿಕೆಯನ್ನು ಬಿಡಿಸಿ ನೋಡಿದರು. ಮೇಪಲ್ ತನ್ನದೇ ಕೊಂಬೆಯಿಂದ ಬೇರು ಬಿಟ್ಟು ಆ ಪಾಚಿಯೊಳಗಿನ ಮಣ್ಣಿನಿಂದ ಸಾರ ಹೀರುತ್ತಿತ್ತು. 1981ರಲ್ಲಿ ಅದನ್ನು ಪ್ರಕಟಿಸಿದರು. ಕಿತ್ತ ಪಾಚಿ ಮತ್ತೆ ಹಾಗೆ ತುಂಬಿಕೊಳ್ಳಲು ದಶಕಗಳೇ ಬೇಕು ಅಂತಲೂ ಅವರು ಮುಂದೆ ತೋರಿಸಿದರು. ನೀನು ಜೀವಶಾಸ್ತ್ರ ಓದುತ್ತಿದ್ದರೆ ಅವರ ಕೆಲಸವನ್ನು ಹುಡುಕಿ ಓದು.

ಪ್ರಶ್ನೆ: ಸೌದೆ ಹತ್ತಿಕೊಳ್ಳುವುದೇ ಇಲ್ಲ. ಮನೆಯಿಂದ ಒಣ ಸೌದೆ ತಗೊಂಡು ಹೋಗಲಾ?

ಬೇಡ. ಸೌದೆಯ ಜೊತೆ ಹುಳ, ರೋಗ ಎಲ್ಲ ಊರಿಂದೂರಿಗೆ ಹೋಗುತ್ತವೆ. ಹೋ ಹತ್ತಿರದ ಫೋರ್ಕ್ಸ್ ಊರಿನಲ್ಲೋ ದಾರಿಯ ಅಂಗಡಿಯಲ್ಲೋ ಕೊಳ್ಳಿ. ಕಟ್ಟು ಬಿಚ್ಚಿ ಸಣ್ಣ ಕೊಡಲಿಯಿಂದ ಸೀಳಿ, ಹೊರಗೆ ಒದ್ದೆಯಿದ್ದರೂ ಒಳಗಿನ ತಿರುಳು ಒಣಗಿರುತ್ತದೆ. ಮೊದಲು ಬೆರಳು ಗಾತ್ರದ್ದು, ಆಮೇಲೆ ದಪ್ಪದ್ದು. ಉಳಿದದ್ದನ್ನು ಗಾಡಿಯ ಕೆಳಗೆ ತಳ್ಳಿ. ಸೀಮೆಎಣ್ಣೆ ಸುರಿಯುವ ಶೌರ್ಯ ಬೇಡ.

ಪ್ರಶ್ನೆ: ಒಬ್ಬಳೇ ಹೋಗಬೇಕು ಅಂತಿದ್ದೀನಿ. ಫೋನ್ ಸಿಗುತ್ತಾ? ಹೆದರಬೇಕಾದ್ದು ಯಾವುದಕ್ಕೆ? (ಬೆಲ್‌ವ್ಯೂ)

ಫೋನ್ ಸಿಗುವುದಿಲ್ಲ, 101ನೇ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಸ್ವಲ್ಪ ಹೊತ್ತಿಗೇ ಹೋಗುತ್ತದೆ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಫೋರ್ಕ್ಸ್‌ನಲ್ಲಿ ಪೆಟ್ರೋಲ್ ತುಂಬಿಸಿ, ಎಲ್ಲಿ ಇರುತ್ತೀರಿ, ಯಾವಾಗ ಮತ್ತೆ ಫೋನ್ ಮಾಡುತ್ತೀರಿ ಅಂತ ಮನೆಯವರಿಗೆ ಅಲ್ಲಿಂದಲೇ ಹೇಳಿ. ಸ್ಯಾಟಲೈಟ್ ಮೆಸೇಜ್ ಸಾಧನವಿದ್ದರೆ ಒಳ್ಳೆಯದು, ಆದರೆ ದಟ್ಟ ಮರಗಳ ಕೆಳಗೆ ಅದೂ ತಡವರಿಸುತ್ತದೆ, ನದಿಯ ಬಯಲಿಗೆ ಬಂದು ಕಳಿಸಬೇಕು.

ಹೆದರಬೇಕಾದದ್ದು ಕರಡಿಗಲ್ಲ, ಕೊಂಬೆಗೆ. ಯಾವಾಗಲೂ ಒದ್ದೆಯಿರುವ ನೆಲದಲ್ಲಿ ಬೇರು ಆಳಕ್ಕೆ ಹೋಗುವುದಿಲ್ಲ, ಪಾಚಿಯೂ ನೀರು ಕುಡಿದು ಭಾರವಾಗಿರುತ್ತದೆ. 1921ರ ಜನವರಿ 29ರ ಬಿರುಗಾಳಿ ಈ ಒಲಿಂಪಿಕ್ ಪರ್ಯಾಯ ದ್ವೀಪದ ಪಶ್ಚಿಮ ಭಾಗದಲ್ಲಿ ಕಾಡುಗಟ್ಟಲೆ ಮರ ಮಲಗಿಸಿತ್ತು. ಗಾಳಿಯ ಮುನ್ಸೂಚನೆ ಇದ್ದರೆ ಹೋಗಲೇಬೇಡಿ. ಗಾಡಿ ನಿಲ್ಲಿಸುವ ಮೊದಲು ಮೇಲೆ ನೋಡಿ, ಒಣಗಿದ ತುದಿ, ಮುರಿದು ಸಿಕ್ಕಿಕೊಂಡ ಕೊಂಬೆ ಇದ್ದರೆ ಬೇರೆ ಜಾಗ ಹಿಡಿಯಿರಿ. ಎರಡನೆಯದು ಎಲ್ಕ್. ನಮ್ಮ ಕಡವೆಯ ದಾಯಾದಿ, ಅದಕ್ಕಿಂತ ಭಾರ. ಇವುಗಳನ್ನು ಉಳಿಸಲೆಂದೇ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಈ ಬೆಟ್ಟಗಳನ್ನು ಸಂರಕ್ಷಿತ ಜಾಗ ಅಂತ ಸಾರಿದ್ದು. ಕ್ಯಾಂಪ್‌ನೊಳಗೇ ಮೇಯುತ್ತಾ ಬರುತ್ತವೆ, ಪಾಪ ಅನ್ನಿಸುತ್ತದೆ. ಸೆಪ್ಟೆಂಬರ್ ಅಕ್ಟೋಬರ್ ಬೆದೆಯ ಕಾಲ, ಗಂಡು ಎಲ್ಕ್‌ಗೆ ಸಿಟ್ಟು ಮೂಗಿನ ತುದಿಯಲ್ಲಿ. 50 ಗಜ ದೂರವಿರಿ, ಮರಿ ಜೊತೆಗಿರುವ ಹೆಣ್ಣಿನಿಂದಲೂ ಅಷ್ಟೇ.

ಪ್ರಶ್ನೆ: ನಾವಿರುವುದು ನ್ಯೂಜಿಲೆಂಡ್‌ನಲ್ಲಿ. ಕ್ಯಾಂಪರ್ ವ್ಯಾನ್‌ನಲ್ಲಿ ಮಿಲ್ಫರ್ಡ್ ಕಡೆ ಹೋಗಬೇಕು. ಇದೇ ಸಲಹೆ ಅಲ್ಲಿಗೂ ಆಗುತ್ತಾ? (ಕ್ರೈಸ್ಟ್‌ಚರ್ಚ್)

ಪಸೆಯ ಮಾತೆಲ್ಲ ಹಾಗೇ ಅನ್ವಯಿಸುತ್ತದೆ. ಇನ್ನೂ ಜಾಸ್ತಿಯೇ, ಮಿಲ್ಫರ್ಡ್‌ಗೆ ವರ್ಷಕ್ಕೆ 6,000 ಮಿಲಿಮೀಟರ್‌ಗೂ ಮೇಲೆ ಮಳೆ. ಕಿಟಕಿ ತೆರೆದಿಡಿ ಅಂದೆನಲ್ಲ, ನಿಮ್ಮಲ್ಲಿ ಅದಕ್ಕೆ ಸಣ್ಣ ಕಣ್ಣಿನ ಜಾಲರಿ ಬೇಕು. ಸ್ಯಾಂಡ್‌ಫ್ಲೈ ಅನ್ನುವ ಕಚ್ಚುವ ಹುಳ ಬಲು ಪುಟ್ಟದು, ಕಚ್ಚಿದರೆ ವಾರಗಟ್ಟಲೆ ಕೆರೆತ. ಕತ್ತಲಾದ ಮೇಲೆ ಕಚ್ಚುವುದಿಲ್ಲ, ನಡೆಯುತ್ತಿದ್ದರೆ ಹಿಂದೆ ಬೀಳುವುದಿಲ್ಲ, ನಿಂತು ಚಹಾ ಕುಡಿಯಲು ಹೋದರೆ ಮುಗೀತು. ಹೋಮರ್ ಸುರಂಗದ ಹತ್ತಿರ ಗಾಡಿ ನಿಲ್ಲಿಸಿದರೆ ಕೀಯಾ ಗಿಳಿಗಳ ಮೇಲೆ ಕಣ್ಣಿರಲಿ. ಕಿಟಕಿಯ ರಬ್ಬರ್ ಕಿತ್ತು ಹಾಕುವುದು ಅವಕ್ಕೆ ಆಟ, ಆಮೇಲೆ ಸೋರುವುದು ನಿಮ್ಮ ವ್ಯಾನು. ದಾರಿಬದಿ ಬಿಟ್ಟಿ ಮಲಗುವ ಯೋಚನೆಯಿದ್ದರೆ 2023ರ ಕಾನೂನು ಓದಿಕೊಳ್ಳಿ, ಗಾಡಿಗೆ ಕೂರಿಸಿದ ಟಾಯ್ಲೆಟ್ ಇರಬೇಕು, ಮಡಚಿಡುವ ಡಬ್ಬಿ ನಡೆಯುವುದಿಲ್ಲ. ಮಿಲ್ಫರ್ಡ್ ರಸ್ತೆಯಲ್ಲಿ ಸಂರಕ್ಷಣಾ ಇಲಾಖೆಯ ಕೊನೆಯ ಕ್ಯಾಂಪ್ ಕ್ಯಾಸ್ಕೇಡ್ ಕ್ರೀಕ್. ಮೇ ತಿಂಗಳಿಂದ ನವೆಂಬರ್‌ವರೆಗೆ ಟಯರ್ ಚೈನ್ ಜೊತೆಗಿರಬೇಕು.

ಪ್ರಶ್ನೆ: ಇಷ್ಟೆಲ್ಲ ಒದ್ದಾಟ ಯಾಕೆ, ಲಾಡ್ಜ್‌ನಲ್ಲಿ ಇರೋಣ ಅಂತಾರೆ ನಮ್ಮನೆಯವರು. ಏನು ಹೇಳಲಿ? (ಇಸಾಕ್ವಾ)

ಹೂಂ ಅನ್ನಿ. ಮೊದಲೆರಡು ರಾತ್ರಿ ಹೋ ಕಾಡಿನಲ್ಲಿ ವ್ಯಾನು, ಮೂರನೇ ರಾತ್ರಿ ದಕ್ಷಿಣಕ್ಕೆ ಇಳಿದು ಕ್ವಿನಾಲ್ಟ್ ಕೆರೆಯ ಲಾಡ್ಜು. 1926ರಲ್ಲಿ ಕಟ್ಟಿದ್ದು, ದೊಡ್ಡ ಬೆಂಕಿಗೂಡು ಇದೆ, ಒದ್ದೆ ಕಾಲು ಚಾಚಿ ಕೂರಬಹುದು. 1937ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಇಲ್ಲಿ ಊಟ ಮಾಡಿ ಹೋದರು, ಮರುವರ್ಷ ಜೂನ್‌ನಲ್ಲಿ ಒಲಿಂಪಿಕ್ ನ್ಯಾಷನಲ್ ಪಾರ್ಕ್‌ಗೆ ಸಹಿ ಬಿತ್ತು. ಹತ್ತಿರದಲ್ಲೇ 191 ಅಡಿಯ ಸಿಟ್ಕಾ ಸ್ಪ್ರೂಸ್ ಮರವೂ ಇದೆ, ವಯಸ್ಸು ಸಾವಿರ ವರ್ಷದ ಆಸುಪಾಸು ಅನ್ನುತ್ತಾರೆ. ಕೆರೆ ಕ್ವಿನಾಲ್ಟ್ ಬುಡಕಟ್ಟಿನವರದ್ದು, ದೋಣಿ, ಮೀನು ಅಂತ ಯೋಚನೆಯಿದ್ದರೆ ಅವರ ಅನುಮತಿ ಬೇಕು. ರೂಮು ಈಗಲೇ ಬುಕ್ ಮಾಡಿ, ಬೇಸಿಗೆಯಲ್ಲಿ ಅದೂ ಬೇಗ ತುಂಬುತ್ತದೆ. ರೂಮಿಗೆ ಹೋಗುವ ಮೊದಲು ವ್ಯಾನಿನ ಮೇಲಿನ ಫ್ಯಾನನ್ನು ಸಣ್ಣಗೆ ಓಡಲು ಬಿಟ್ಟು ಹೋಗಿ.